ಓದುಗರ ಪ್ರಶ್ನೆ, ನಮ್ಮ ಉತ್ತರ: ಇಟಲಿಗೆ ತಾಳ್ಮೆ ಕಲಿಸಿದ ಸ್ವೀಡನ್ನಿನ ಲೀಡ್‌ಹೋಮ್

ಹೋದ ಸಂಚಿಕೆಯಲ್ಲಿ ಸ್ವೀಡನ್ ಫುಟ್‌ಬಾಲ್ ಬಗ್ಗೆ ನಾಲ್ಕು ಸಾಲು ಬರೆದಿದ್ವಿ, ಅದರಲ್ಲಿ ನಿಲ್ಸ್ ಲೀಡ್‌ಹೋಮ್ ಹೆಸರು ಒಂದೇ ಒಂದು ಸಲ ಬಂದಿತ್ತು. ಅಷ್ಟಕ್ಕೇ ಇಷ್ಟೊಂದು ಪತ್ರ ಬಂದಿರೋದು ನೋಡಿ ತುಂಬಾ ಖುಷಿಯಾಯ್ತು, ಹಾಗಾಗಿ ಈ ಸಲದ ಅಂಕಣ ಪೂರ್ತಿ ಅವರಿಗೇ ಮೀಸಲು.

ಪ್ರಶ್ನೆ: ಸ್ವೀಡನ್‌ನಿಂದ ಬಂದ ದೊಡ್ಡ ಕೋಚ್ ಅಂದ್ರೆ ನಮಗೆ ಗೊತ್ತಿರೋದು ಇಂಗ್ಲೆಂಡ್ ಟೀಮ್ ನೋಡ್ಕೊಂಡಿದ್ದ ಸ್ವೆನ್ ಗೋರಾನ್ ಎರಿಕ್ಸನ್ ಒಬ್ರೇ. ಈ ಲೀಡ್‌ಹೋಮ್ ಯಾರು, ಅವರಿಗಿಂತ ದೊಡ್ಡವರಾ?

ಉತ್ತರ: ದೊಡ್ಡವರು ಚಿಕ್ಕವರು ಅನ್ನೋ ಲೆಕ್ಕ ಬೇಡ, ಆದ್ರೆ ಎರಿಕ್ಸನ್‌ಗಿಂತ ಮುಂಚೆ ಇಟಲಿಯಲ್ಲಿ ದಾರಿ ಮಾಡಿಟ್ಟವರು ಇವರೇ. 1922ರ ಅಕ್ಟೋಬರ್ 8ಕ್ಕೆ ಸ್ವೀಡನ್‌ನ ಪೂರ್ವ ಕರಾವಳಿಯ ವಾಲ್ಡೆಮಾರ್ಸ್‌ವಿಕ್ ಅನ್ನೋ ಸಣ್ಣ ಊರಲ್ಲಿ ಹುಟ್ಟಿದ್ರು, ಮೊದಲು ಊರಿನ ಕ್ಲಬ್ಬು, ಆಮೇಲೆ ಸ್ಲೈಪ್ನರ್, ಆಮೇಲೆ ಐಎಫ್‌ಕೆ ನೋರ್‌ಶೋಪಿಂಗ್, ಅಲ್ಲಿಂದ 1949ರಲ್ಲಿ ಇಟಲಿಯ ಎಸಿ ಮಿಲಾನ್. ಹೋದಾಗ ವಯಸ್ಸು 26. ಹನ್ನೆರಡು ವರ್ಷ ಮಿಲಾನ್‌ಗೇ ಆಡಿದ್ರು, ನಾಲ್ಕು ಸಲ ಲೀಗ್ ಗೆದ್ರು (1951, 1955, 1957, 1959), ಕ್ಯಾಪ್ಟನ್ ಆದ್ರು, ಬೂಟು ಬಿಚ್ಚಿಟ್ಟ ಮೇಲೂ ಸ್ವೀಡನ್‌ಗೆ ವಾಪಸ್ ಹೋಗ್ಲೇ ಇಲ್ಲ. ಕೋಚಿಂಗ್ ಜೀವನ ಪೂರ್ತಿ ಇಟಲಿಯಲ್ಲೇ ಕಳೀತು. ಮಿಲಾನ್, ವೆರೋನಾ, ಮೊಂಜಾ, ವರೇಸೆ, ಫಿಯೊರೆಂಟಿನಾ, ರೋಮಾ, ಮತ್ತೆ ಮಿಲಾನ್, ಮತ್ತೆ ರೋಮಾ, ಹೀಗೆ ಸುತ್ತುತ್ತಾ 1997ರವರೆಗೂ. ಇಟಲಿ ಜನ ಅವರನ್ನ ಬ್ಯಾರನ್ ಅಂತ ಕರೀತಿದ್ರು, ಆ ಗಾಂಭೀರ್ಯ ಹಂಗಿತ್ತು. ಇನ್ನೊಂದು ವಿಷ್ಯ, 1984ರಲ್ಲಿ ಲೀಡ್‌ಹೋಮ್ ರೋಮಾ ಬಿಟ್ಟಾಗ ಅವರ ಜಾಗಕ್ಕೆ ಬಂದಿದ್ದು ನೀವು ಹೇಳಿದ ಅದೇ ಎರಿಕ್ಸನ್.

ಪ್ರಶ್ನೆ: ಗ್ರೆ-ನೊ-ಲಿ ಅಂದ್ರೇನು?

ಉತ್ತರ: ಗುನ್ನಾರ್ ಗ್ರೆನ್, ಗುನ್ನಾರ್ ನೋರ್ಡಾಲ್, ನಿಲ್ಸ್ ಲೀಡ್‌ಹೋಮ್. ಮೂರೂ ಹೆಸರಿನ ಮೊದಲಕ್ಷರ ಸೇರಿಸಿ ಇಟಲಿಯವ್ರು ಮಾಡಿದ್ದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮೂವರೂ ಸ್ವೀಡನ್ ಟೀಮಲ್ಲಿದ್ರು, ವೆಂಬ್ಲಿ ಫೈನಲ್‌ನಲ್ಲಿ ಯುಗೊಸ್ಲಾವಿಯಾನ 3-1ಕ್ಕೆ ಸೋಲಿಸಿ ಚಿನ್ನ ಗೆದ್ರು, ಗ್ರೆನ್ ಎರಡು ನೋರ್ಡಾಲ್ ಒಂದು ಗೋಲು. ಆಮೇಲೆ 1949ರ ಶುರುವಲ್ಲಿ ನೋರ್ಡಾಲ್ ಮಿಲಾನ್‌ಗೆ ಹೋದ್ರು, ಅದೇ ವರ್ಷ ಹಿಂದೆಯೇ ಇವರಿಬ್ರೂ ಹೋದ್ರು. ಮೂವರೂ ಜೊತೆಯಾಗಿ ಆಡಿದ ಮೊದಲ ಸೀಸನ್‌ನಲ್ಲೇ ಮಿಲಾನ್ ಲೀಗ್‌ನಲ್ಲಿ 118 ಗೋಲು ಹೊಡೀತು, ಅದರಲ್ಲಿ ನೋರ್ಡಾಲ್ ಒಬ್ಬರದ್ದೇ 35! 1950ರ ಫೆಬ್ರವರಿಯಲ್ಲಿ ಟೂರಿನ್‌ಗೇ ಹೋಗಿ ಅಲ್ಲಿನ ಯುವೆಂಟಸ್‌ನ 7-1ಕ್ಕೆ ಸೋಲಿಸಿದ್ರು. ಆದ್ರೂ ಆ ವರ್ಷ ಲೀಗ್ ಗೆದ್ದಿದ್ದು ಯುವೆಂಟಸ್. ಮುಂದಿನ ವರ್ಷ, 1951ರಲ್ಲಿ, ಮಿಲಾನ್ ಗೆಲ್ತು, 1907ರ ನಂತರ ಮೊದಲ ಸಲ, ಅಂದ್ರೆ 44 ವರ್ಷ ಕಾದಿದ್ರು ಆ ಜನ.

ಗೋಲು ಹೊಡೀತಿದ್ದಿದ್ದು ನೋರ್ಡಾಲ್, ಚಮತ್ಕಾರ ಮಾಡ್ತಿದ್ದಿದ್ದು ಗ್ರೆನ್, ಆದ್ರೆ ಆಟದ ವೇಗ ಎಷ್ಟಿರ್ಬೇಕು ಅಂತ ತೀರ್ಮಾನ ಮಾಡ್ತಿದ್ದಿದ್ದು ಲೀಡ್‌ಹೋಮ್ ಅಂತ ನನ್ನ ಅಭಿಪ್ರಾಯ. ಗ್ರೆನ್ 1953ರಲ್ಲಿ ಮಿಲಾನ್ ಬಿಟ್ರು, ನೋರ್ಡಾಲ್ 1956ರಲ್ಲಿ, ಇವರು 1961ರವರೆಗೂ ಇದ್ರು. ಫಾರ್ವರ್ಡ್ ಆಗಿ ಬಂದವರು ವಯಸ್ಸಾದಂಗೆ ಒಂದೊಂದೇ ಹೆಜ್ಜೆ ಹಿಂದೆ ಬಂದು ಮಿಡ್‌ಫೀಲ್ಡ್, ಕೊನೆಗೆ ಡಿಫೆನ್ಸ್‌ವರೆಗೂ ಆಡಿದ್ರು, ಮೈದಾನದ ಪ್ರತಿ ಜಾಗದಿಂದಲೂ ಆಟ ಹೇಗೆ ಕಾಣ್ಸುತ್ತೆ ಅಂತ ಅವರಿಗೆ ಗೊತ್ತಿತ್ತು. ಮುಂದೆ ಕೋಚ್ ಆದಾಗ ಆಟಗಾರರ ಜಾಗ ಬದಲಾಯಿಸೋ ಧೈರ್ಯ ಇಲ್ಲಿಂದಲೇ ಬಂದಿದ್ದು ಅನ್ಸುತ್ತೆ.

ಪ್ರಶ್ನೆ: ಇಷ್ಟು ದೊಡ್ಡ ಆಟಗಾರ ಸ್ವೀಡನ್ ಪರ ಬರೀ 23 ಮ್ಯಾಚ್ ಆಡಿದ್ದು ಯಾಕೆ? ಗಾಯನಾ?

ಉತ್ತರ: ಗಾಯ ಅಲ್ಲ, ನಿಯಮ. ಆಗ ಸ್ವೀಡನ್‌ನಲ್ಲಿ ಫುಟ್‌ಬಾಲ್ ಅಮೆಚೂರ್ ಆಟ, ದುಡ್ಡು ತಗೊಂಡು ಹೊರದೇಶದಲ್ಲಿ ಆಡೋಕೆ ಹೋದವರನ್ನ ದೇಶದ ಟೀಮಿಗೆ ತಗೋತಿರ್ಲಿಲ್ಲ. ಹಾಗಾಗಿ 1949ರಿಂದ ಹೆಚ್ಚುಕಮ್ಮಿ ಒಂಬತ್ತು ವರ್ಷ, ಅಂದ್ರೆ ಅವರ ಆಟದ ಅತ್ಯುತ್ತಮ ವರ್ಷಗಳೆಲ್ಲಾ, ಹಳದಿ ಜರ್ಸಿ ಹಾಕೋಕೆ ಆಗ್ಲೇ ಇಲ್ಲ. 1950ರ ವಿಶ್ವಕಪ್‌ಗೆ ಸ್ವೀಡನ್ ಈ ಮೂವರೂ ಇಲ್ದೇ ಹೋಗಿ ಮೂರನೇ ಸ್ಥಾನ ತಗೊಂಡಿತು, ಇವರೂ ಇದ್ದಿದ್ರೆ ಏನಾಗ್ತಿತ್ತು ಅಂತ ಯೋಚನೆ ಮಾಡಿದ್ರೆ ನನಗೆ ಈಗಲೂ ಹೊಟ್ಟೆ ಉರಿಯುತ್ತೆ.

1958ರಲ್ಲಿ ವಿಶ್ವಕಪ್ ಸ್ವೀಡನ್‌ನಲ್ಲೇ ನಡೀತು, ನಿಯಮ ಸಡಿಲ ಮಾಡಿದ್ರು. ಇಟಲಿಯಲ್ಲಿ ಆಡ್ತಿದ್ದ ಹಾಮ್ರಿನ್, ಸ್ಕೋಗ್ಲುಂಡ್ ಎಲ್ಲಾ ಬಂದ್ರು, 37 ವರ್ಷದ ಗ್ರೆನ್ ಬಂದ್ರು, 35 ವರ್ಷದ ಲೀಡ್‌ಹೋಮ್ ಕ್ಯಾಪ್ಟನ್ ಆಗಿ ಬಂದ್ರು. ಕೋಚ್ ಇಂಗ್ಲೆಂಡಿನ ಜಾರ್ಜ್ ರೇನರ್, 1948ರಲ್ಲಿ ಚಿನ್ನ ಗೆಲ್ಲಿಸಿದ್ದವರೇ. ಸೆಮಿಫೈನಲ್‌ನಲ್ಲಿ ಹಿಂದಿನ ಚಾಂಪಿಯನ್ ಪಶ್ಚಿಮ ಜರ್ಮನಿನ 3-1ಕ್ಕೆ ಹೊಡೆದು ಫೈನಲ್‌ಗೆ ಬಂದ್ರು.

ಜೂನ್ 29, ಸ್ಟಾಕ್‌ಹೋಮ್ ಪಕ್ಕದ ರೋಸುಂಡಾ ಸ್ಟೇಡಿಯಂ, ಎದುರು ಬ್ರೆಜಿಲ್. ನಾಲ್ಕನೇ ನಿಮಿಷಕ್ಕೆ ಲೀಡ್‌ಹೋಮ್ ಬಾಕ್ಸ್ ಒಳಗೆ ಚೆಂಡು ತಗೊಂಡು ಡಿಫೆಂಡರ್‌ಗಳನ್ನ ತಪ್ಪಿಸಿ ಕೆಳಗಿನ ಮೂಲೆಗೆ ಹೊಡೆದ್ರು, 1-0. ಆ ಟೂರ್ನಿಯಲ್ಲಿ ಬ್ರೆಜಿಲ್ ಹಿಂದೆ ಬಿದ್ದಿದ್ದು ಅದೇ ಮೊದಲು! ಆಮೇಲೆ ದಿದಿ ಚೆಂಡು ಕೈಲಿ ಹಿಡ್ಕೊಂಡು ನಿಧಾನಕ್ಕೆ ಮಧ್ಯಕ್ಕೆ ನಡ್ಕೊಂಡು ಬಂದ್ರು, ವಾವಾ ಎರಡು ಹೊಡೆದ್ರು, 17 ವರ್ಷದ ಹುಡುಗ ಪೆಲೆ ಎರಡು, ಜಗಾಲೊ ಒಂದು, ಕೊನೆಗೆ 5-2. ಸೋಲು ಸೋಲೇ. ಆದ್ರೆ ವಿಶ್ವಕಪ್ ಫೈನಲ್‌ನಲ್ಲಿ ಗೋಲು ಹೊಡೆದ ಅತಿ ಹಿರಿಯ ಆಟಗಾರ ಅನ್ನೋ ದಾಖಲೆ ಅವರ ಹೆಸರಲ್ಲೇ ಇದೆ. ಇನ್ನೂ ಒಂದು ಸಂಗತಿ ಇದೆ, ಅದೇ ವರ್ಷ ಅದಕ್ಕೆ ಒಂದು ತಿಂಗಳು ಮುಂಚೆ ಮೇ 28ಕ್ಕೆ ಬ್ರಸೆಲ್ಸ್‌ನಲ್ಲಿ ಯುರೋಪಿಯನ್ ಕಪ್ (ಈಗಿನ ಚಾಂಪಿಯನ್ಸ್ ಲೀಗ್) ಫೈನಲ್, ಮಿಲಾನ್ ಎರಡು ಸಲ ಮುಂದಿದ್ದು ಎಕ್ಸ್‌ಟ್ರಾ ಟೈಮಲ್ಲಿ ರಿಯಲ್ ಮ್ಯಾಡ್ರಿಡ್‌ಗೆ 3-2ಕ್ಕೆ ಸೋತಿತ್ತು, ಅಲ್ಲೂ ಕ್ಯಾಪ್ಟನ್ ಇವರೇ. ಒಂದೇ ಬೇಸಿಗೆಯಲ್ಲಿ ಇಂಥ ಎರಡು ಫೈನಲ್ ಸೋತು, ಮುಂದಿನ ವರ್ಷ 36ರ ವಯಸ್ಸಲ್ಲಿ ಮತ್ತೆ ಲೀಗ್ ಗೆದ್ದ ಮನುಷ್ಯ.

ಪ್ರಶ್ನೆ: ಅವರು ಒಂದು ಪಾಸ್ ತಪ್ಪು ಕೊಟ್ಟಾಗ ಸ್ಟೇಡಿಯಂ ಪೂರ್ತಿ ಎದ್ದು ನಿಂತು ಚಪ್ಪಾಳೆ ತಟ್ಟಿತು ಅಂತ ಓದಿದೀನಿ, ನಿಜಾನಾ?

ಉತ್ತರ: ಮಿಲಾನ್‌ನ ಸ್ಟೇಡಿಯಂ ಸ್ಯಾನ್ ಸಿರೊದಲ್ಲಿ ಈ ಕಥೆನ ತಲೆಮಾರುಗಳಿಂದ ಹೇಳ್ಕೊಂಡು ಬಂದಿದ್ದಾರೆ. ವರ್ಷಗಟ್ಲೆ ಒಂದೂ ಪಾಸ್ ತಪ್ಪದ ಮನುಷ್ಯ ಒಂದು ದಿನ ತಪ್ಪಿದಾಗ ಜನ ಆಶ್ಚರ್ಯಕ್ಕೆ ಚಪ್ಪಾಳೆ ಹೊಡೆದ್ರು ಅಂತ. ಎಲ್ಲಾ ದಂತಕಥೆಗಳ ಥರ ಇದೂ ಹೇಳ್ತಾ ಹೇಳ್ತಾ ಬೆಳೆದಿರುತ್ತೆ, ಅಕ್ಷರಶಃ ತಗೋಬೇಡಿ, ಆದ್ರೆ ಇಂಥ ಕಥೆ ಎಲ್ಲರ ಮೇಲೂ ಹುಟ್ಟಲ್ಲ ಅಲ್ವಾ.

ಪ್ರಶ್ನೆ: ಝೋನ್ ಮಾರ್ಕಿಂಗ್ ಇಟಲಿಗೆ ತಂದಿದ್ದು ಮಿಲಾನ್ ಕೋಚ್ ಆಗಿದ್ದ ಅರ್ರಿಗೊ ಸಾಕ್ಕಿ ಅಂತ ನಾನು ಅಂದ್ಕೊಂಡಿದ್ದೆ, ನೀವು ಲೀಡ್‌ಹೋಮ್ ಅಂತ ಬರೆದಿದ್ದೀರಿ. ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ಈ ಪ್ರಶ್ನೆಗೆ ಉದ್ದ ಉತ್ತರ ಬೇಕು, ಯಾಕಂದ್ರೆ ಅವರ ಕೋಚಿಂಗ್‌ನ ಜೀವ ಇರೋದೇ ಇಲ್ಲಿ.

ಆಗ ಇಟಲಿಯಲ್ಲಿ ಡಿಫೆನ್ಸ್ ಅಂದ್ರೆ ಮ್ಯಾನ್ ಮಾರ್ಕಿಂಗ್. ಒಬ್ಬ ಸ್ಟ್ರೈಕರ್‌ಗೆ ಒಬ್ಬ ಡಿಫೆಂಡರ್, ಅವನು ಎಲ್ಲಿ ಹೋದ್ರೂ ಇವನು ಹಿಂದೆ ಹೋಗ್ಬೇಕು, ಎಲ್ಲರ ಹಿಂದೆ ಒಬ್ಬ ಲಿಬೆರೊ, ತಪ್ಪಿಸ್ಕೊಂಡು ಬಂದವರನ್ನ ಹಿಡಿಯೋಕೆ. ಇದಕ್ಕೆ ಶಿಸ್ತು ಬೇಕು, ಗಟ್ಟಿ ಆಟಗಾರರು ಬೇಕು, ತಪ್ಪು ಪದ್ಧತಿ ಅಂತ ನಾನು ಹೇಳ್ತಿಲ್ಲ, ಅದರಿಂದಲೇ ಎಷ್ಟೋ ಕಪ್ ಬಂದಿವೆ. ಆದ್ರೆ ಎದುರಾಳಿ ಬುದ್ಧಿವಂತನಾಗಿದ್ರೆ ನಿಮ್ಮ ಡಿಫೆಂಡರ್‌ನ ಎಳ್ಕೊಂಡು ಮೈದಾನದ ಇನ್ನೊಂದು ಮೂಲೆಗೆ ಹೋಗ್ತಾನೆ, ಆ ಖಾಲಿ ಜಾಗಕ್ಕೆ ಇನ್ನೊಬ್ಬ ನುಗ್ಗುತ್ತಾನೆ. ಜೊತೆಗೆ ಚೆಂಡು ನಿಮಗೆ ಸಿಕ್ಕಾಗ ನಿಮ್ಮವರೆಲ್ಲಾ ಎಲ್ಲೆಲ್ಲೋ ಚೆದುರಿ ಹೋಗಿರ್ತಾರೆ, ಪಾಸ್ ಕೊಡೋಣ ಅಂದ್ರೆ ಹತ್ತಿರ ಯಾರೂ ಇರಲ್ಲ.

ಝೋನ್‌ನಲ್ಲಿ ನೀವು ಕಾಯೋದು ಮನುಷ್ಯನನ್ನಲ್ಲ, ಜಾಗಾನ. ನಿಮ್ಮ ಜಾಗಕ್ಕೆ ಬಂದವನು ನಿಮ್ಮವನು, ದಾಟಿ ಹೋದ್ರೆ ಪಕ್ಕದವನ ಜವಾಬ್ದಾರಿ, ಚೆಂಡು ಎಡಕ್ಕೆ ಹೋದ್ರೆ ಇಡೀ ಸಾಲು ಎಡಕ್ಕೆ ಸರೀಬೇಕು. ಓಟ ಕಮ್ಮಿ ಆಗುತ್ತೆ, ಎಲ್ಲರೂ ಹತ್ತಿರ ಹತ್ತಿರ ಇರ್ತಾರೆ, ಚೆಂಡು ಸಿಕ್ಕ ತಕ್ಷಣ ಪಾಸ್ ಕೊಡೋಕೆ ಮೂರು ಜನ ಕಣ್ಣೆದುರು ಇರ್ತಾರೆ. ಲೀಡ್‌ಹೋಮ್‌ಗೆ ಬೇಕಾಗಿದ್ದಿದ್ದು ಇದೇ, ಯಾಕಂದ್ರೆ ಅವರಿಗೆ ಚೆಂಡು ಬಿಟ್ಕೊಡೋದೇ ಇಷ್ಟ ಇರ್ಲಿಲ್ಲ. ಚೆಂಡು ನಮ್ಮ ಹತ್ರ ಇದ್ರೆ ಅವರು ಗೋಲು ಹೊಡೆಯೋಕೆ ಹೇಗೆ ಸಾಧ್ಯ ಅನ್ನೋ ಯೋಚನೆ. ಅವರ ರೋಮಾ ಜೇಡ ಬಲೆ ನೇಯೋ ಥರ ನಿಧಾನಕ್ಕೆ ಪಾಸ್ ಮಾಡ್ತಾ ಮಾಡ್ತಾ ಎದುರಾಳಿನ ಸುಸ್ತು ಮಾಡಿ ಆಮೇಲೆ ಒಮ್ಮೆಲೇ ಫಾಲ್ಕಾವೊ ಅಥವಾ ಬ್ರೂನೊ ಕೊಂತಿ ಮೂಲಕ ಒಳಗೆ ನುಗ್ತಿತ್ತು.

ಅವರೊಬ್ಬರೇ ಅಂತಲ್ಲ, ಎಪ್ಪತ್ತರ ದಶಕದ ಮಧ್ಯದಲ್ಲಿ ನಾಪೊಲಿಯಲ್ಲಿ ಲೂಯಿಸ್ ವಿನಿಸಿಯೊ ಕೂಡ ಇದನ್ನ ಮಾಡಿದ್ರು, 1975ರಲ್ಲಿ ಎರಡನೇ ಸ್ಥಾನಕ್ಕೂ ತಂದ್ರು. ಆದ್ರೆ ಝೋನ್ ಆಡಿ ಇಟಲಿ ಲೀಗ್ ಗೆಲ್ಲಬಹುದು ಅಂತ ತೋರಿಸಿದ್ದು 1983ರ ರೋಮಾ. ಸಾಕ್ಕಿ 1987ರಲ್ಲಿ ಮಿಲಾನ್‌ಗೆ ಬಂದು ಇದಕ್ಕೆ ಬಿರುಸಿನ ಪ್ರೆಸ್ಸಿಂಗ್ (ಎದುರಾಳಿ ಮೇಲೆ ಮುಗಿಬಿದ್ದು ಚೆಂಡು ಕಸಿಯೋದು) ಸೇರಿಸಿ ಜಗತ್ತೇ ತಿರುಗಿ ನೋಡೋ ಹಂಗೆ ಮಾಡಿದ್ರು, ಅದು ಅವರ ಸಾಧನೆ, ಅದನ್ನ ಕಮ್ಮಿ ಮಾಡೋದು ಬೇಡ. ಆದ್ರೆ ಸಾಕ್ಕಿ ಬಂದಾಗ ಮಿಲಾನ್‌ನಲ್ಲಿ ಡಿಫೆಂಡರ್‌ಗಳಾದ ಬರೇಸಿ ಇದ್ರು, ಮಾಲ್ದಿನಿ ಇದ್ರು, ಅದಕ್ಕೆ ಮುಂಚಿನ ಸುಮಾರು ಮೂರು ವರ್ಷ ಅವರ ಕೋಚ್ ಆಗಿದ್ದಿದ್ದು ಲೀಡ್‌ಹೋಮ್. ಅದೇ ಬೇಸಿಗೆ ರೋಮಾದಿಂದ ಮುಂದೆ ದೊಡ್ಡ ಕೋಚ್ ಆದ ಅಂಚೆಲೊಟ್ಟಿನೂ ಬಂದ್ರು, ಅವರೂ ಲೀಡ್‌ಹೋಮ್ ಹತ್ರ ಐದು ವರ್ಷ ಆಡಿದವರು.

ಪ್ರಶ್ನೆ: ಮಿಲಾನ್ ಜರ್ಸಿ ಮೇಲಿನ ಸ್ಟಾರ್‌ಗೂ ಇವರಿಗೂ ಏನು ಸಂಬಂಧ?

ಉತ್ತರ: ಇಟಲಿಯಲ್ಲಿ ಹತ್ತು ಲೀಗ್ ಗೆದ್ರೆ ಒಂದು ಸ್ಟಾರ್. ಮಿಲಾನ್‌ನ ಹತ್ತನೇ ಲೀಗ್ 1979ರಲ್ಲಿ ಬಂತು, ಕೋಚ್ ಲೀಡ್‌ಹೋಮ್. ಜಿಯಾನಿ ರಿವೇರಾ ಅವರ ಕೊನೆಯ ಸೀಸನ್ ಅದು, ಹದಿಹರೆಯದ ಹುಡುಗನಾಗಿ ರಿವೇರಾ 1960ರಲ್ಲಿ ಮಿಲಾನ್‌ಗೆ ಬಂದಾಗ ಲೀಡ್‌ಹೋಮ್ ಇನ್ನೂ ಅಲ್ಲಿ ಆಡ್ತಿದ್ರು. ಗೆದ್ದ ಕೂಡ್ಲೇ ಲೀಡ್‌ಹೋಮ್ ರೋಮಾಗೆ ಹೋದ್ರು.

ಪ್ರಶ್ನೆ: ರೋಮಾದ 1983ರ ಗೆಲುವು ಯಾಕೆ ಅಷ್ಟು ದೊಡ್ಡದು? ಮತ್ತೆ 1984ರ ಫೈನಲ್‌ನಲ್ಲಿ ಏನು ತಪ್ಪಾಯ್ತು?

ಉತ್ತರ: ರೋಮಾ ಅದಕ್ಕೆ ಮುಂಚೆ ಲೀಗ್ ಗೆದ್ದಿದ್ದು ಒಂದೇ ಸಲ, 1942ರಲ್ಲಿ. ಲೀಗ್ ಅಂದ್ರೆ ಟೂರಿನ್, ಮಿಲಾನ್ ನಗರಗಳದ್ದೇ ದರ್ಬಾರು. ಲೀಡ್‌ಹೋಮ್ 1979ರಲ್ಲಿ ಎರಡನೇ ಸಲ ರೋಮಾಗೆ ಬಂದ್ರು, ಅಧ್ಯಕ್ಷ ಡೀನೊ ವಿಯೋಲಾ ಅವರ ಮೇಲೆ ನಂಬಿಕೆ ಇಟ್ರು. 1980, 1981ರಲ್ಲಿ ಕೊಪ್ಪಾ ಇಟಾಲಿಯಾ (ಇಟಲಿಯ ನಾಕೌಟ್ ಕಪ್) ಬಂತು. 1966ರಿಂದ ವಿದೇಶಿ ಆಟಗಾರರನ್ನ ತಗೊಳ್ಳೋಕೆ ಇಟಲಿಯಲ್ಲಿ ನಿಷೇಧ ಇತ್ತು, 1980ರಲ್ಲಿ ಅದು ತೆರೆದ ತಕ್ಷಣ ಬ್ರೆಜಿಲ್‌ನ ಫಾಲ್ಕಾವೊ ಬಂದ್ರು. 1981ರಲ್ಲಿ ಎರಡೇ ಪಾಯಿಂಟ್‌ನಲ್ಲಿ ಯುವೆಂಟಸ್‌ಗೆ ಲೀಗ್ ಹೋಯ್ತು, ಟೂರಿನ್‌ನ 0-0 ಮ್ಯಾಚಲ್ಲಿ ತುರೋನೆ ಹೊಡೆದ ಗೋಲನ್ನ ಆಫ್‌ಸೈಡ್ ಅಂತ ರದ್ದು ಮಾಡಿದ್ದು ರೋಮಾ ಜನ ಇವತ್ತಿಗೂ ಮರೆತಿಲ್ಲ.

1982-83ರಲ್ಲಿ ಲೀಡ್‌ಹೋಮ್ ಮಾಡಿದ ಒಂದು ಬದಲಾವಣೆ ನನಗೆ ತುಂಬಾ ಇಷ್ಟ. ಕ್ಯಾಪ್ಟನ್ ಅಗೊಸ್ತಿನೊ ದಿ ಬಾರ್ತೊಲೊಮೈ ರೋಮ್‌ನ ಮಗ, ಮಿಡ್‌ಫೀಲ್ಡರ್, ಭಯಂಕರ ಶಾಟ್, ಕಣ್ಣಳತೆಯ ಉದ್ದ ಪಾಸ್, ಆದ್ರೆ ಓಟ ನಿಧಾನ. ಬೇರೆ ಕೋಚ್ ಆಗಿದ್ರೆ ನಿಧಾನ ಅಂತ ಬೆಂಚಲ್ಲಿ ಕೂರಿಸ್ತಿದ್ರೇನೊ, ಇವರು ಅವನನ್ನ ಹಿಂದಕ್ಕೆ, ಡಿಫೆನ್ಸ್ ಮಧ್ಯಕ್ಕೆ ತಂದ್ರು, ಪಕ್ಕದಲ್ಲಿ ಮಿಂಚಿನ ಓಟದ ವಿಯೆರ್ಕೊವೊದ್‌ನ ನಿಲ್ಲಿಸಿದ್ರು. ಓಡೋ ಕೆಲಸ ಇವನದು, ಆಟ ಕಟ್ಟೋ ಕೆಲಸ ಅವನದು. ಡಿಫೆನ್ಸ್‌ನಿಂದಲೇ ಆಟ ಶುರು ಮಾಡೋದು ಈಗ ಮಾಮೂಲಿ ಮಾತು, ಆಗ ಇಟಲಿಯಲ್ಲಿ ಇದನ್ನ ನೋಡಿ ಹುಬ್ಬೇರಿಸಿದವರೇ ಜಾಸ್ತಿ. ಮೇ 8, 1983ಕ್ಕೆ ಜಿನೋವಾದಲ್ಲಿ 1-1 ಡ್ರಾ, ರೋಮಾ ಗೋಲು ಪ್ರುಝೊ ಅವರದ್ದು, 41 ವರ್ಷದ ಮೇಲೆ ಲೀಗ್ ರೋಮ್‌ಗೆ ಬಂತು. ಪ್ಲಾಟಿನಿ ಮತ್ತೆ ಬೊನಿಯೆಕ್ ಇದ್ದ ಯುವೆಂಟಸ್ ಆ ಸಲ ಎರಡನೇ ಸ್ಥಾನ!

ಇನ್ನು 1984. ಸೆಮಿಫೈನಲ್‌ನಲ್ಲಿ ಸ್ಕಾಟ್ಲೆಂಡಿನ ಡಂಡೀ ಯುನೈಟೆಡ್ ಎದುರು 2-0 ಸೋತು ರೋಮ್‌ನಲ್ಲಿ 3-0 ಗೆದ್ದು ಬಂದ್ರು. ಯುರೋಪಿಯನ್ ಕಪ್ ಫೈನಲ್‌ನ ಜಾಗ ಮೊದಲೇ ನಿಗದಿಯಾಗಿತ್ತು, ಅದು ಅವರದ್ದೇ ಸ್ಟೇಡಿಯೊ ಒಲಿಂಪಿಕೊ. ಮೇ 30, ಎದುರು ಲಿವರ್‌ಪೂಲ್. ಫಿಲ್ ನೀಲ್ ಹೊಡೆದ್ರು, ಹಾಫ್ ಟೈಮ್‌ಗೆ ಸ್ವಲ್ಪ ಮುಂಚೆ ಪ್ರುಝೊ ತಲೆ ಕೊಟ್ಟು ಸಮ ಮಾಡಿದ್ರು, ಆಮೇಲೆ 120 ನಿಮಿಷ ಮುಗಿದ್ರೂ 1-1. ಪೆನಾಲ್ಟಿಯಲ್ಲಿ ಲಿವರ್‌ಪೂಲ್‌ನ ಮೊದಲ ಹೊಡೆತವೇ ಮೇಲೆ ಹೋಯ್ತು, ದಿ ಬಾರ್ತೊಲೊಮೈ ಹೊಡೆದ್ರು, ರೋಮಾ ಮುಂದೆ. ಆಮೇಲೆ ಕೊಂತಿ ತಪ್ಪಿದ್ರು, ಗೋಲ್‌ಕೀಪರ್ ಗ್ರೊಬೆಲಾರ್ ಮೊಣಕಾಲು ನಡುಗಿಸೋ ಥರ ಕುಣಿದು ಗ್ರಾಜಿಯಾನಿ ಮನಸ್ಸು ಕೆಡಿಸಿದ್ರು, ಅವರ ಚೆಂಡು ಅಡ್ಡಕಂಬಕ್ಕೆ. 4-2. ರೋಮಾದ ಪ್ರುಝೊ, ಸೆರೆಜೊ ಇಬ್ಬರೂ ಆಗಲೇ ಹೊರಗೆ ಬಂದಿದ್ರು, ಅಂಚೆಲೊಟ್ಟಿ ಗಾಯದಿಂದ ಆಡ್ಲೇ ಇಲ್ಲ, ಫಾಲ್ಕಾವೊ ಪೆನಾಲ್ಟಿ ತಗೊಳ್ಳಲಿಲ್ಲ, ಈ ಕೊನೆಯ ವಿಷ್ಯಕ್ಕೆ ರೋಮ್‌ನಲ್ಲಿ ಇನ್ನೂ ಜಗಳ ಆಗುತ್ತೆ. ತಪ್ಪು ಯಾರದು ಅಂತ ಕೇಳಿದ್ರೆ, ಲಿವರ್‌ಪೂಲ್ ಆಗಲೇ ಮೂರು ಸಲ ಆ ಕಪ್ ಗೆದ್ದಿದ್ದ ಟೀಮ್, ರೋಮಾಗೆ ಅದು ಮೊದಲ ಫೈನಲ್, ಅದೂ ತವರಿನ ಜನರ ಮುಂದೆ, ಆ ಒತ್ತಡದಲ್ಲಿ ಕಾಲು ಭಾರ ಆಗೋದು ಸಹಜ. ಕೋಚ್ ತಪ್ಪು ಅಂತ ನಾನು ಒಪ್ಪಲ್ಲ. ಮುಂದಿನ ತಿಂಗಳು ವೆರೋನಾ ವಿರುದ್ಧ ಕೊಪ್ಪಾ ಇಟಾಲಿಯಾ ಗೆಲ್ಲಿಸಿಯೇ ಅವರು ಮಿಲಾನ್‌ಗೆ ವಾಪಸ್ ಹೋಗಿದ್ದು, ದಿ ಬಾರ್ತೊಲೊಮೈ ಕೂಡ ಜೊತೆಗೇ ಹೋದ್ರು.

ಪ್ರಶ್ನೆ: ಪಾವ್ಲೊ ಮಾಲ್ದಿನಿನ ಮೊದಲು ಆಡಿಸಿದ್ದು ಇವರೇ ಅಂತ ಕೇಳಿದೆ.

ಉತ್ತರ: ಹೌದು, 1985ರ ಜನವರಿ 20, ಉದಿನೆಯಲ್ಲಿ ಉದಿನೇಸೆ ಎದುರು, ಕೊರೆಯೋ ಚಳಿಯಲ್ಲಿ. ಹುಡುಗನಿಗೆ 16 ವರ್ಷ. ಅವರಪ್ಪ ಚೆಸಾರೆ ಮಾಲ್ದಿನಿ ಮಿಲಾನ್‌ನಲ್ಲಿ ಲೀಡ್‌ಹೋಮ್ ಜೊತೆ ಆಡಿದವರು, ಹಾಗಂತ ಶಿಫಾರಸು ಅಂದ್ಕೋಬೇಡಿ, ಆ ಹುಡುಗ ಮುಂದೆ ಮಿಲಾನ್ ಪರ 902 ಮ್ಯಾಚ್ ಆಡಿದ. ಅದಕ್ಕೆ ಮುಂಚೆ 1978ರ ಏಪ್ರಿಲ್‌ನಲ್ಲಿ 17 ವರ್ಷದ ಫ್ರಾಂಕೊ ಬರೇಸಿನ ಆಡಿಸಿದ್ದೂ ಇವರೇ. ಫಿಯೊರೆಂಟಿನಾದಲ್ಲಿ 1972ರಲ್ಲಿ ಜಿಯಾಂಕಾರ್ಲೊ ಅಂತೊನ್ಯೋನಿ, ರೋಮಾದಲ್ಲಿ 1974ರಲ್ಲಿ ಬ್ರೂನೊ ಕೊಂತಿ. ವರೇಸೆಯಲ್ಲಿ ಎರಡನೇ ದರ್ಜೆ ಲೀಗ್‌ನಲ್ಲಿದ್ದಾಗ ಯುವೆಂಟಸ್ ಒಂದು ವರ್ಷಕ್ಕೆ ಕಳಿಸಿದ್ದ ಹುಡುಗ ರೊಬೆರ್ತೊ ಬೆತ್ತೆಗಾ, ಆ ಸೀಸನ್ ಮುಗಿಯೋ ಹೊತ್ತಿಗೆ ವರೇಸೆ ಮೇಲಿನ ಲೀಗ್‌ಗೆ ಹೋಯ್ತು, ಬೆತ್ತೆಗಾ ಮುಂದೆ ಯುವೆಂಟಸ್‌ನ ದೊಡ್ಡ ಹೆಸರಾದ್ರು. ಕೊಂತಿ ಮತ್ತೆ ಅಂತೊನ್ಯೋನಿ 1982ರಲ್ಲಿ ಇಟಲಿ ವಿಶ್ವಕಪ್ ಗೆದ್ದಾಗ ಆ ಟೀಮಲ್ಲಿದ್ರು, ಬರೇಸಿನೂ ತಂಡದಲ್ಲಿದ್ರು. ಕಪ್‌ಗಳ ಲೆಕ್ಕಕ್ಕಿಂತ ಇದೇ ಅವರ ದೊಡ್ಡ ಕೊಡುಗೆ ಅಂತ ನಾನು ಗಟ್ಟಿಯಾಗಿ ನಂಬ್ತೀನಿ, ಹುಡುಗರು ತಪ್ಪು ಮಾಡ್ತಾರೆ ಅಂತ ಗೊತ್ತಿದ್ದೂ ಆಡಿಸೋ ತಾಳ್ಮೆ ಎಲ್ಲಾ ಕೋಚ್‌ಗಳಿಗೂ ಇರಲ್ಲ.

ಪ್ರಶ್ನೆ: ಎರಿಕ್ಸನ್ ಆಟಗಾರರಾಗಿ ಏನೂ ಅಲ್ಲ, ಲೀಡ್‌ಹೋಮ್ ಮಹಾನ್ ಆಟಗಾರ. ಒಳ್ಳೆ ಕೋಚ್ ಆಗೋಕೆ ದೊಡ್ಡ ಆಟಗಾರ ಆಗಿರ್ಬೇಕಾ?

ಉತ್ತರ: ಇವರಿಬ್ಬರನ್ನ ನೋಡಿದ್ರೆ ಬೇಕಿಲ್ಲ ಅನ್ಸುತ್ತೆ. ಎರಿಕ್ಸನ್ ಕೆಳಗಿನ ಲೀಗ್‌ಗಳಲ್ಲಿ ರೈಟ್ ಬ್ಯಾಕ್ ಆಡ್ತಿದ್ದವರು, ಮೊಣಕಾಲು ಗಾಯ ಆಗಿ 27ಕ್ಕೇ ಆಟ ನಿಲ್ಲಿಸಿದ್ರು, ಆದ್ರೂ 1982ರಲ್ಲಿ ಐಎಫ್‌ಕೆ ಗೋಟೆಬೊರ್ಗ್‌ಗೆ ಯುಇಎಫ್‌ಎ ಕಪ್, 2000ದಲ್ಲಿ ಲಾಜಿಯೊಗೆ ಇಟಲಿ ಲೀಗ್ ಗೆಲ್ಲಿಸಿದ್ರು. ಲೀಡ್‌ಹೋಮ್‌ಗೆ ಆಡಿದ ಹೆಸರಿತ್ತು, ಅದರಿಂದ ಡ್ರೆಸ್ಸಿಂಗ್ ರೂಮಲ್ಲಿ ಮೊದಲ ದಿನದ ಗೌರವ ಸುಲಭಕ್ಕೆ ಸಿಕ್ಕಿರುತ್ತೆ. ಆದ್ರೆ ಹೆಸರಿದ್ದ ಮಾತ್ರಕ್ಕೆ ಎಲ್ಲಾ ಆಗಲ್ಲ ನೋಡಿ, ಮಿಲಾನ್‌ನಂಥ ಕ್ಲಬ್ ನೋಡ್ಕೊಂಡ ಮೇಲೆ ವೆರೋನಾ, ಮೊಂಜಾ, ವರೇಸೆ ಅಂತ ಸಣ್ಣ ಕ್ಲಬ್‌ಗಳಿಗೆ ಹೋಗಿ ವೆರೋನಾನ 1968ರಲ್ಲಿ, ವರೇಸೆನ 1970ರಲ್ಲಿ ಮೇಲಿನ ಲೀಗ್‌ಗೆ ಏರಿಸಿದ್ರು. ಅಲ್ಲಿ ಕಲಿತಿದ್ದೇ ರೋಮಾದಲ್ಲಿ ಉಪಯೋಗಕ್ಕೆ ಬಂತು.

ಪ್ರಶ್ನೆ: ಅಂಚೆಲೊಟ್ಟಿ ಇವರ ಶಿಷ್ಯ ಅಂತೀರಾ?

ಉತ್ತರ: ಧಾರಾಳವಾಗಿ. 1979ರಲ್ಲಿ ಪಾರ್ಮಾದಿಂದ ಅಂಚೆಲೊಟ್ಟಿ ರೋಮಾಗೆ ಬಂದಾಗ ಕೋಚ್ ಇವರೇ. ಕೂಗಾಡದೇ ಮಾತಾಡೋದು, ಸ್ಟಾರ್‌ಗಳನ್ನ ಹಗುರವಾಗಿ ಹಿಡಿದು ನಡೆಸೋದು, ಸೋತ ದಿನಾನೂ ಮುಖ ಕೆಡಿಸ್ಕೊಳ್ಳದೇ ಇರೋದು, ಅಂಚೆಲೊಟ್ಟಿಯಲ್ಲಿ ಇದೆಲ್ಲಾ ಕಾಣ್ಸುತ್ತೆ. 2007ರ ಮೇನಲ್ಲಿ ಅಥೆನ್ಸ್‌ನಲ್ಲಿ ಮಿಲಾನ್ ಲಿವರ್‌ಪೂಲ್‌ನ 2-1ಕ್ಕೆ ಸೋಲಿಸಿ ಚಾಂಪಿಯನ್ಸ್ ಲೀಗ್ ಗೆದ್ದಾಗ ಕೋಚ್ ಅಂಚೆಲೊಟ್ಟಿ, ಕ್ಯಾಪ್ಟನ್ ಪಾವ್ಲೊ ಮಾಲ್ದಿನಿ. ಅದೇ ವರ್ಷ ನವೆಂಬರ್ 5ಕ್ಕೆ ಲೀಡ್‌ಹೋಮ್ ತೀರ್ಕೊಂಡ್ರು, 85 ವರ್ಷ ಆಗಿತ್ತು.

ಪ್ರಶ್ನೆ: ಫುಟ್‌ಬಾಲ್ ಬಿಟ್ಟ ಮೇಲೆ ಏನ್ ಮಾಡ್ತಿದ್ರು?

ಉತ್ತರ: ಪಿಯೆಮೊಂತೆ ಪ್ರಾಂತ್ಯದ ಕುಕ್ಕಾರೊ ಮೊನ್‌ಫೆರ್ರಾತೊ ಅನ್ನೋ ಹಳ್ಳಿಯಲ್ಲಿ ದ್ರಾಕ್ಷಿ ತೋಟ ಇತ್ತು, ಕುಟುಂಬದವರ ಜೊತೆ ವೈನ್ ಮಾಡ್ತಿದ್ರು. ಬಿಟ್ಟ ಮೇಲೆ ಅಂದ್ರೂ ಅವರು ಪೂರ್ತಿ ಬಿಟ್ಟಿದ್ದು ತಡವಾಗಿಯೇ, 1997ರಲ್ಲಿ ಕೋಚ್ ಕಾರ್ಲೋಸ್ ಬಿಯಾಂಕಿನ ತೆಗೆದಾಗ ಸೀಸನ್ ಮುಗಿಯೋವರೆಗೂ ರೋಮಾನ ನೋಡ್ಕೊಳ್ಳೋಕೆ ಮತ್ತೆ ಇವರನ್ನೇ ಕರೆದ್ರು, ಆಗ ವಯಸ್ಸು 74. ಆ ಟೀಮಲ್ಲಿ ಮುಂದೆ ರೋಮಾದ ದೊಡ್ಡ ಹೆಸರಾದ ಇಪ್ಪತ್ತು ವರ್ಷದ ಹುಡುಗ ಫ್ರಾಂಚೆಸ್ಕೊ ತೊತ್ತಿ ಇದ್ದ.

ಪ್ರಶ್ನೆ: ಅವರ ಆಟ ನೋಡ್ಬೇಕು ಅಂದ್ರೆ ಎಲ್ಲಿಂದ ಶುರು ಮಾಡ್ಲಿ?

ಉತ್ತರ: 1958ರ ಫೈನಲ್‌ನ ಫಿಲ್ಮ್‌ನಿಂದ. ಗೋಲು ಒಂದನ್ನೇ ನೋಡಿ ಬಿಡ್ಬೇಡಿ, ಬ್ರೆಜಿಲ್ ಎರಡು ಮೂರು ಹೊಡೆದ ಮೇಲೂ ಅವರು ಚೆಂಡು ಸಿಕ್ಕಾಗ ಹೇಗೆ ತಲೆ ಎತ್ತಿ ನೋಡ್ತಾರೆ, ಎಷ್ಟು ಕಮ್ಮಿ ಓಡ್ತಾರೆ, ಅದನ್ನ ಗಮನಿಸಿ. ಆಮೇಲೆ 1982-83ರ ರೋಮಾದ ಯಾವುದಾದ್ರೂ ಮ್ಯಾಚ್ ಸಿಕ್ಕಿದ್ರೆ ಹಾಕಿ, ಚೆಂಡಿನ ಹಿಂದೆ ಕಣ್ಣು ಹೋಗೋಕೆ ಬಿಡದೇ ಹಿಂದೆ ನಿಂತಿರೋ ದಿ ಬಾರ್ತೊಲೊಮೈನ ಹತ್ತು ನಿಮಿಷ ನೋಡಿ.